ಮಿಷಿಗನ್ 13: ಚಿಕ್ಕೋಡಿಯಲ್ಲಿ ಹುಟ್ಟಿದವರು ಗೆದ್ದ ಆ ಕ್ಷೇತ್ರ ಎಂಥದ್ದು?

ಚಿಕ್ಕೋಡಿಯವ

ಎಲ್ಲರಿಗೂ ನಮಸ್ಕಾರ. ನಮ್ಮೂರು ಚಿಕ್ಕೋಡಿ. ಅಮೆರಿಕದ ಸಂಸತ್ತಿನಲ್ಲಿರುವ ಶ್ರೀ ಥಾಣೇದಾರ್ ಹುಟ್ಟಿದ್ದು ಇಲ್ಲೇ, 1955ರಲ್ಲಿ. ಬೆಳೆದದ್ದು ಬೆಳಗಾವಿಯಲ್ಲಿ, ಕಡು ಬಡತನದಲ್ಲಿ. ಮನೆಮಾತು ಮರಾಠಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪಡೆದರು, ಮುಂಬೈಯಲ್ಲಿ ಮುಂದೆ ಓದಿದರು, 1979ರಲ್ಲಿ ಅಮೆರಿಕಕ್ಕೆ ಹೋದರು. 2022ರಲ್ಲಿ ಮಿಷಿಗನ್ ರಾಜ್ಯದ 13ನೇ ಕ್ಷೇತ್ರದಿಂದ ಗೆದ್ದರು. 2024ರಲ್ಲಿ ಮತ್ತೆ ಗೆದ್ದರು.

ಇಷ್ಟು ನಮ್ಮ ಕಡೆ ಚಹಾದಂಗಡಿಯಲ್ಲೂ ಹೇಳುತ್ತಾರೆ. ಆದರೆ ಆ ಕ್ಷೇತ್ರದ ಬಗ್ಗೆ ಕೇಳಿದರೆ ಯಾರಿಗೂ ಏನೂ ಗೊತ್ತಿಲ್ಲ. ಅಲ್ಲಿ ಭಾರತೀಯರು ಜಾಸ್ತಿ ಇದ್ದಾರಾ? ಅವರಿಗಿಂತ ಮೊದಲು ಯಾರು ಗೆಲ್ಲುತ್ತಿದ್ದರು? ಅಲ್ಲೇ ಇರುವ ಕನ್ನಡದವರು ಯಾರಾದರೂ ಹೇಳಿದರೆ ಉಪಕಾರ.

ವೆಸ್ಟ್‌ಲ್ಯಾಂಡ್ ಸುಮಾ

ನಮಸ್ಕಾರ. ನಾನು ಡೆಟ್ರಾಯಿಟ್ ಪಕ್ಕದ ವೆಸ್ಟ್‌ಲ್ಯಾಂಡ್‌ನಲ್ಲಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಅದು ಭಾರತೀಯರು ಜಾಸ್ತಿ ಇರುವ ಕಡೆ ಅಲ್ಲ. ನಮ್ಮವರು ಹೆಚ್ಚಾಗಿ ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಮನೆ ಮಾಡುತ್ತಾರೆ. ಇಲ್ಲಿಯ ಪಂಪ ಕನ್ನಡ ಕೂಟದ ಯುಗಾದಿಗೆ ಹೋದರೆ ಸಿಗುವವರಲ್ಲಿ ಬಹುತೇಕರು ಈ ಊರುಗಳವರೇ. ಇವೆಲ್ಲ 13ರ ಹೊರಗಿವೆ.

13 ಅಂದರೆ ಮುಖ್ಯವಾಗಿ ಡೆಟ್ರಾಯಿಟ್ ನಗರ. ಪೂರ್ತಿ ಅಲ್ಲ, ದೊಡ್ಡ ಭಾಗ. ಅದರ ಹೊಟ್ಟೆಯೊಳಗೆ ಹ್ಯಾಮ್‌ಟ್ರ್ಯಾಮಿಕ್, ಹೈಲ್ಯಾಂಡ್ ಪಾರ್ಕ್ ಅಂತ ಎರಡು ಪುಟ್ಟ ನಗರಗಳಿವೆ. ಹೆಚ್ಚುಕಡಿಮೆ ಸುತ್ತಲೂ ಡೆಟ್ರಾಯಿಟ್, ನಡುವೆ ಇವು. ಪೂರ್ವದ ತುದಿಗೆ ಗ್ರಾಸ್ ಪಾಯಿಂಟ್ ಹೆಸರಿನ ಶ್ರೀಮಂತ ಊರುಗಳು. ದಕ್ಷಿಣಕ್ಕೆ ನದಿಗುಂಟ ಇಳಿದರೆ ರಿವರ್ ರೂಜ್, ಎಕೋರ್ಸ್, ಲಿಂಕನ್ ಪಾರ್ಕ್. ಉಕ್ಕು ಮತ್ತು ಕಾರಿನ ಕಾರ್ಖಾನೆಗಳ ಕಾರ್ಮಿಕರು ಕಟ್ಟಿಕೊಂಡ ಊರುಗಳಿವು. ಅವಕ್ಕೆ ಪಶ್ಚಿಮದಲ್ಲಿ ಟೇಲರ್, ರೊಮುಲಸ್. ಡೆಟ್ರಾಯಿಟ್ ವಿಮಾನ ನಿಲ್ದಾಣ ಇರುವುದು ರೊಮುಲಸ್‌ನಲ್ಲಿ. ಅಂದರೆ ಮಗಳನ್ನು ನೋಡೋಕೆ ಬೆಂಗಳೂರಿಂದ ಬರುವ ಅಪ್ಪ ಅಮ್ಮ ಮೊದಲು ಕಾಲಿಡುವುದು ಈ ಕ್ಷೇತ್ರದಲ್ಲೇ.

ಒಂದು ಜಾಗ ಹೇಳುತ್ತೇನೆ, ಅದನ್ನು ನೋಡಿದರೆ ಈ ಕ್ಷೇತ್ರ ಅರ್ಥ ಆಗುತ್ತದೆ. ಡೆಟ್ರಾಯಿಟ್‌ನ ಪೂರ್ವಕ್ಕೆ ಜೆಫರ್ಸನ್ ಅವೆನ್ಯೂ ಹಿಡಿದು ಹೋಗಿ. ಖಾಲಿ ಸೈಟುಗಳು, ಹುಲ್ಲು ಬೆಳೆದ ಪಾದಚಾರಿ ದಾರಿ, ಕಿಟಕಿಗೆ ಹಲಗೆ ಹೊಡೆದ ಮನೆ, ಪಕ್ಕದಲ್ಲೇ ಯಾರೋ ಜೋಪಾನವಾಗಿ ಇಟ್ಟುಕೊಂಡ ಇಟ್ಟಿಗೆ ಮನೆ, ಅಂಗಳದಲ್ಲಿ ಹೂವು. ಆಲ್ಟರ್ ರಸ್ತೆ ದಾಟಿದ ಕೂಡಲೇ ಗ್ರಾಸ್ ಪಾಯಿಂಟ್ ಪಾರ್ಕ್. ಮರಗಳ ಸಾಲು, ಕತ್ತರಿಸಿದ ಹುಲ್ಲು, ದೊಡ್ಡ ದೊಡ್ಡ ಮನೆಗಳು. ಸಿಗ್ನಲ್ ಕೆಂಪಿನಿಂದ ಹಸಿರಿಗೆ ಬರುವಷ್ಟರಲ್ಲಿ ಬೇರೆಯೇ ದೇಶ. 2014ರಲ್ಲಿ ಅಲ್ಲೇ ಹತ್ತಿರದ ಕರ್ಶವಲ್ ರಸ್ತೆಗೆ ಅಡ್ಡಲಾಗಿ ಸಂತೆಗೆಂದು ಶೆಡ್ ಕಟ್ಟಿದರು. ಡೆಟ್ರಾಯಿಟ್ ಕಡೆಯಿಂದ ನೇರ ಒಳಗೆ ಬರುವ ದಾರಿ ಮುಚ್ಚಿತು. ದೊಡ್ಡ ಗಲಾಟೆಯಾಯಿತು. ಆಲ್ಟರ್ ರಸ್ತೆಯ ಈ ಬದಿ ಆ ಬದಿ ಎರಡಕ್ಕೂ ಈಗ ಒಬ್ಬರೇ ಸಂಸದರು.

ಬೈಲಹೊಂಗಲ ಮಾಸ್ತರು

ಚೆನ್ನಾಗಿ ಬರೆದಿದ್ದೀರಿ ಸುಮಾ ಅವರೇ. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು, ಒಂದೆರಡು ಮಾತು ಸೇರಿಸುತ್ತೇನೆ. ಅಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಸಂಸತ್ತು. ಅದರ ಕೆಳಮನೆಗೆ 435 ಸ್ಥಾನ. ನೂರು ವರ್ಷದಿಂದ ಹೆಚ್ಚುಕಡಿಮೆ ಅಷ್ಟೇ ಇದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆಗುತ್ತದೆ. ಅದರ ಮೇಲೆ ರಾಜ್ಯಗಳಿಗೆ ಸ್ಥಾನ ಹಂಚುತ್ತಾರೆ. ಆಮೇಲೆ ರಾಜ್ಯದೊಳಗೆ ಗೆರೆ ಹೊಸದಾಗಿ ಎಳೆಯುತ್ತಾರೆ. 1964ರಿಂದ ಅಲ್ಲಿಯ ಸುಪ್ರೀಂ ಕೋರ್ಟ್ ಆದೇಶ ಇದೆ: ಒಂದು ರಾಜ್ಯದ ಎಲ್ಲ ಕ್ಷೇತ್ರಗಳಲ್ಲೂ ಜನಸಂಖ್ಯೆ ಸಮ ಇರಬೇಕು. ಹಾಗಾಗಿ ಗೆರೆ ಸರಿಯುವುದು ಅಲ್ಲಿ ತಪ್ಪಿದ್ದಲ್ಲ.

ನಮ್ಮಲ್ಲಿ ಹಾಗಿಲ್ಲ. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಅನ್ನುವುದು ಇವತ್ತಿಗೂ 1971ರ ಜನಗಣತಿಯ ಲೆಕ್ಕ. ಕರ್ನಾಟಕಕ್ಕೆ 28.

ಮಿಷಿಗನ್‌ಗೆ ಈಗ ಎಷ್ಟು ಸ್ಥಾನ ಇದೆ?

ವೆಸ್ಟ್‌ಲ್ಯಾಂಡ್ ಸುಮಾ

ಸರ್, ಈಗ 13. 1960, 70ರ ದಶಕದಲ್ಲಿ 19 ಇತ್ತು. 1980ರ ಜನಗಣತಿ ಆದ ಮೇಲೆ 18. ಆಮೇಲೆ 16, 15, 14, ಈಗ 13. ಪ್ರತಿ ಸಲವೂ ಕಳೆದುಕೊಂಡಿದೆ. ಒಟ್ಟಾರೆ ನೋಡಿದರೆ ಈ ನಲವತ್ತು ವರ್ಷದಲ್ಲಿ ರಾಜ್ಯದ ಜನ ಕಡಿಮೆ ಆಗಿಲ್ಲ. ಸ್ವಲ್ಪ ಜಾಸ್ತಿಯೇ ಆಗಿದ್ದಾರೆ. ಟೆಕ್ಸಸ್, ಫ್ಲಾರಿಡಾ ಇನ್ನೂ ಬೇಗ ಬೆಳೆದವು, ಅಷ್ಟೇ. ಒಂದು ದಶಕ ಮಾತ್ರ ನಿಜವಾಗಿ ಇಳಿಯಿತು. 2000ದಿಂದ 2010ರ ನಡುವೆ ಜನ ಕಳೆದುಕೊಂಡ ಒಂದೇ ರಾಜ್ಯ ಮಿಷಿಗನ್.

ಡೆಟ್ರಾಯಿಟ್ ಕಥೆ ಬೇರೆ. 1950ರಲ್ಲಿ ನಗರದಲ್ಲಿ 18.49 ಲಕ್ಷ ಜನ ಇದ್ದರು. 2020ರಲ್ಲಿ 6.39 ಲಕ್ಷ. ಮೂರರಲ್ಲಿ ಎರಡು ಪಾಲು ಹೋಯಿತು. ಬಿಳಿಯರು ಹೊರವಲಯಕ್ಕೆ ಹೋದರು, ಕಾರ್ಖಾನೆಗಳು ಹೋದವು, ಆಮೇಲೆ ಮಧ್ಯಮ ವರ್ಗದ ಕಪ್ಪು ಕುಟುಂಬಗಳೂ ಹೋದವು. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು.

ಇದನ್ನು ಮತಪೆಟ್ಟಿಗೆಗೆ ಹೊಂದಿಸಿ ನೋಡಿ. 1950ರಲ್ಲಿ ನಗರದ ಜನಸಂಖ್ಯೆ ಐದು ಕ್ಷೇತ್ರಗಳಿಗೆ ಸಾಕಾಗುತ್ತಿತ್ತು. ಈಗ ಮಿಷಿಗನ್‌ನಲ್ಲಿ ಒಂದು ಕ್ಷೇತ್ರಕ್ಕೆ ಸುಮಾರು 7.75 ಲಕ್ಷ ಜನ ಬೇಕು. ಡೆಟ್ರಾಯಿಟ್ ಇಡೀ ಸೇರಿಸಿದರೂ ಒಂದು ಕ್ಷೇತ್ರ ತುಂಬುವುದಿಲ್ಲ! ಪಕ್ಕದ ಊರುಗಳನ್ನು ಸೇರಿಸಲೇಬೇಕು. ಯಾವ ಊರನ್ನು, ಯಾವ ಕಡೆಯಿಂದ ಸೇರಿಸುತ್ತೀರಿ ಅನ್ನುವುದರ ಮೇಲೆ ಯಾರು ಗೆಲ್ಲುತ್ತಾರೆ ಅನ್ನುವುದು ನಿಂತಿದೆ.

ಮಲೆನಾಡಿನ ರವಿ

ನಾನು ಓದಿದ ಪ್ರಕಾರ ಈ 13ನೇ ಕ್ಷೇತ್ರವನ್ನು ಜಾನ್ ಕಾನ್ಯರ್ಸ್ ಅನ್ನುವವರು 52 ವರ್ಷ ಹಿಡಿದುಕೊಂಡಿದ್ದರು. ಅಷ್ಟು ವರ್ಷ ಒಬ್ಬರೇ ಇದ್ದರೆ ಚುನಾವಣೆ ಇತಿಹಾಸ ಅಂತ ಹೇಳೋಕೆ ಏನಿದೆ?

ಚರಿತ್ರೆ ವಿದ್ಯಾರ್ಥಿನಿ, ಮೈಸೂರು

ರವಿ ಅಣ್ಣ, ಇಲ್ಲೊಂದು ತಿದ್ದುಪಡಿ. ಕಾನ್ಯರ್ಸ್ 1965ರಿಂದ 2017ರವರೆಗೆ ಸಂಸತ್ತಿನಲ್ಲಿದ್ದರು, ನಿಜ. ಆದರೆ 13ರಿಂದ ಅಲ್ಲ. ಮೊದಲು 1ನೇ ಕ್ಷೇತ್ರ, 1993ರಿಂದ 14ನೇ ಕ್ಷೇತ್ರ, 2013ರಿಂದ ಕೊನೆಯ ಐದು ವರ್ಷ ಮಾತ್ರ 13. ಹೊಸ ನಕ್ಷೆ ಬಂದಾಗ ನಂಬರ್ ಬದಲಾಗುತ್ತದೆ. ಹಾಗಾಗಿ ನಂಬರ್ ಹಿಡಿದು ಹೊರಟರೆ ದಾರಿ ತಪ್ಪುತ್ತದೆ.

13ನೇ ನಂಬರಿನ ಕಥೆಯನ್ನೇ ಹೇಳುತ್ತೇನೆ. ನಾನು ಅಮೆರಿಕದ ನಾಗರಿಕ ಹಕ್ಕು ಚಳವಳಿ ಬಗ್ಗೆ ಓದುತ್ತಿದ್ದೇನೆ, ಅಲ್ಲಿ ಈ ಕ್ಷೇತ್ರ ಮತ್ತೆ ಮತ್ತೆ ಬರುತ್ತದೆ.

ಕ್ಷೇತ್ರ ಶುರುವಾದದ್ದು 1915ರಲ್ಲಿ. ಡೆಟ್ರಾಯಿಟ್ ಕಾರುಗಳ ಊರಾಗಿ ಬೆಳೆಯುತ್ತಿದ್ದ ಕಾಲ. ಈ ಕ್ಷೇತ್ರದ ಮೊದಲ ಸಂಸದ ಚಾರ್ಲ್ಸ್ ನಿಕೋಲ್ಸ್, ರಿಪಬ್ಲಿಕನ್. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಕಾರ್ಖಾನೆ ಕೆಲಸಕ್ಕೆ ಬರುತ್ತಲೇ ಹೋದರು. ಅವರಿಗೆ ಎಲ್ಲೆಂದರಲ್ಲಿ ಮನೆ ಸಿಗುತ್ತಿರಲಿಲ್ಲ. 1941ರಲ್ಲಿ ಡೆಟ್ರಾಯಿಟ್‌ನಲ್ಲಿ ‘ಎಂಟು ಮೈಲಿ ರಸ್ತೆ’ ಅನ್ನುವ ಹೆಸರಿನ ರಸ್ತೆ ಹತ್ತಿರ ಅರ್ಧ ಮೈಲಿ ಉದ್ದದ ಗೋಡೆಯನ್ನೇ ಕಟ್ಟಿದರು. ಕಪ್ಪು ಬಡಾವಣೆ ಈ ಕಡೆ, ಬಿಳಿಯರಿಗೆಂದು ಕಟ್ಟುವ ಹೊಸ ಬಡಾವಣೆ ಆ ಕಡೆ. ಗೋಡೆ ಇದ್ದರೆ ಮಾತ್ರ ಆ ಹೊಸ ಮನೆಗಳ ಸಾಲಕ್ಕೆ ಸರ್ಕಾರದ ಖಾತರಿ. ಆ ಗೋಡೆ ಇವತ್ತಿಗೂ ನಿಂತಿದೆ.

1954ರಲ್ಲಿ ಚಾರ್ಲ್ಸ್ ಡಿಗ್ಸ್ ಅನ್ನುವ ಮೂವತ್ತೊಂದು ವರ್ಷದ ಯುವಕ 13ರಲ್ಲಿ ನಿಂತರು. ಅವರ ಮನೆತನದ್ದು ಶವಸಂಸ್ಕಾರದ ವ್ಯಾಪಾರ. ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಮೊದಲ ಸುತ್ತಿನ ಚುನಾವಣೆ) ಹಾಲಿ ಸಂಸದ ಜಾರ್ಜ್ ಓಬ್ರಿಯನ್ ಅವರನ್ನೇ ಸೋಲಿಸಿದರು. ಮಿಷಿಗನ್‌ನಿಂದ ಸಂಸತ್ತಿಗೆ ಹೋದ ಮೊದಲ ಕಪ್ಪು ವ್ಯಕ್ತಿ ಅವರು.

ಮರುವರ್ಷ ಏನಾಯಿತು ನೋಡಿ. ಮಿಸ್ಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನುವ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದಿದ್ದರು. ಸೆಪ್ಟೆಂಬರ್ 1955ರಲ್ಲಿ ಸಮ್ನರ್ ಅನ್ನುವ ಸಣ್ಣ ಊರಲ್ಲಿ ವಿಚಾರಣೆ. ಡಿಗ್ಸ್ ಡೆಟ್ರಾಯಿಟ್‌ನಿಂದ ಅಲ್ಲಿಗೆ ಹೋದರು. ದೇಶದ ಸಂಸದ, ಆದರೂ ಕೋರ್ಟಿನಲ್ಲಿ ಬಿಳಿಯರ ಜೊತೆ ಜಾಗ ಇಲ್ಲ. ಕಪ್ಪು ಪತ್ರಕರ್ತರಿಗೆಂದು ಬದಿಗೆ ಹಾಕಿದ್ದ ಇಸ್ಪೀಟಿನ ಮೇಜಿನ ಪಕ್ಕ ಕೂರಿಸಿದರು. ಅವರು ಅಲ್ಲೇ ಕೂತು ವಿಚಾರಣೆ ನೋಡಿದರು. ಮಿಸ್ಸಿಸಿಪ್ಪಿಯ ಕಪ್ಪು ಜನರಿಗೆ ಆಗ ಮತ ಹಾಕೋಕೇ ಬಿಡುತ್ತಿರಲಿಲ್ಲ. ಅವರ ಪರವಾಗಿ ಅಲ್ಲಿ ಕೂತ ಸಂಸದ ಬಂದದ್ದು ಡೆಟ್ರಾಯಿಟ್‌ನ 13ರಿಂದ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಡಿಗ್ಸ್ ಕಥೆ ಚೆನ್ನಾಗಿ ಮುಗಿಯಲಿಲ್ಲ. ಸಿಬ್ಬಂದಿಯ ಸಂಬಳದಲ್ಲಿ ಹಣ ವಾಪಸ್ ಪಡೆದ ಪ್ರಕರಣದಲ್ಲಿ 1978ರಲ್ಲಿ ಅಪರಾಧಿ ಅಂತ ತೀರ್ಪಾಯಿತು. ಆ ನವೆಂಬರ್‌ನಲ್ಲಿ ಜನ ಅವರನ್ನು ಮತ್ತೆ ಗೆಲ್ಲಿಸಿದರು! 1979ರಲ್ಲಿ ಸದನ ಅವರಿಗೆ ಛೀಮಾರಿ ಹಾಕಿತು, 1980ರಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ ಬಂದವರು ಜಾರ್ಜ್ ಕ್ರಾಕೆಟ್. ವಯಸ್ಸು 71, ನಿವೃತ್ತ ನ್ಯಾಯಾಧೀಶ. 1949ರಲ್ಲಿ ಕಮ್ಯುನಿಸ್ಟ್ ಮುಖಂಡರ ಪರ ವಾದಿಸಿದ್ದಕ್ಕೆ ನ್ಯಾಯಾಂಗ ನಿಂದನೆ ಅಂತ ತಾನೇ ಜೈಲಿಗೆ ಹೋಗಿ ಬಂದ ವಕೀಲರು ಅವರು. ಹತ್ತು ವರ್ಷ ಇದ್ದರು. 1991ರಲ್ಲಿ ಬಾರ್ಬರಾ ರೋಸ್ ಕಾಲಿನ್ಸ್ ಬಂದರು.

1993ರಲ್ಲಿ ನಂಬರ್ ಜಾರಿತು. 13 ಅನ್ನುವ ಹಣೆಪಟ್ಟಿ ಆನ್ ಆರ್ಬರ್ ಕಡೆ ಹೋಯಿತು. ಡೆಟ್ರಾಯಿಟ್‌ಗೆ 14 ಮತ್ತು 15 ಬಂದವು. ಮುಂದಿನ ಹತ್ತು ವರ್ಷ 13 ಅಂದರೆ ಬೇರೆಯೇ ಜನ, ಬೇರೆಯೇ ಊರು. 2003ರಲ್ಲಿ ಅದು ಮತ್ತೆ ಡೆಟ್ರಾಯಿಟ್‌ಗೆ ಬಂತು. ಆಗ ಸಂಸದರು ಕ್ಯಾರೊಲಿನ್ ಚೀಕ್ಸ್ ಕಿಲ್‌ಪ್ಯಾಟ್ರಿಕ್. ಮಗ ಕ್ವಾಮೆ ಡೆಟ್ರಾಯಿಟ್ ಮೇಯರ್ ಆಗಿದ್ದ. ಮಗನ ಹಗರಣಗಳು ತಾಯಿಯ ಕಾಲಿಗೂ ತೊಡರಿಕೊಂಡವು. 2010ರ ಪ್ರೈಮರಿಯಲ್ಲಿ ಸೋತರು.

ಬೈಲಹೊಂಗಲ ಮಾಸ್ತರು

ಅಪರಾಧಿ ಅಂತಾದ ಮೇಲೂ ಜನ ಗೆಲ್ಲಿಸಿದ್ದು ನನಗೆ ಆಶ್ಚರ್ಯ ಅನಿಸಲಿಲ್ಲ ತಂಗಿ. ಇಪ್ಪತ್ತು ವರ್ಷ ತಮ್ಮ ಪರ ನಿಂತವರನ್ನು ಜನ ಬೇಗ ಬಿಟ್ಟುಕೊಡುವುದಿಲ್ಲ. ನಮ್ಮ ಚಿಕ್ಕೋಡಿಯನ್ನೇ ನೋಡಿ. ಆಗ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. ಬಿ. ಶಂಕರಾನಂದ 1967ರಿಂದ 1991ರವರೆಗೆ ಏಳು ಸಲ ಸಾಲಾಗಿ ಗೆದ್ದರು. ಪಕ್ಷದ ಗಾಳಿ ಎತ್ತ ಬೀಸಿದರೂ ಅವರು ಅಲುಗಾಡಲಿಲ್ಲ. 1996ರಲ್ಲಿ ರತ್ನಮಾಲಾ ಸವಣೂರ ಎದುರು ಸೋತರು. ಅವರ ಮೇಲೆ ಇಂಥ ಆರೋಪ ಇತ್ತು ಅಂತ ನಾನು ಹೇಳುತ್ತಿಲ್ಲ, ಜನರ ನಂಟಿನ ಬಗ್ಗೆ ಹೇಳುತ್ತಿದ್ದೇನೆ. 2008ರ ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಚಿಕ್ಕೋಡಿ ಸಾಮಾನ್ಯ ಕ್ಷೇತ್ರ ಆಯಿತು. ಗೆರೆಯ ಮಹಿಮೆ ನಮಗೂ ಗೊತ್ತಿದ್ದದ್ದೇ.

2010ರಲ್ಲಿ ಕಿಲ್‌ಪ್ಯಾಟ್ರಿಕ್ ಅವರನ್ನು ಸೋಲಿಸಿದ್ದು ಯಾರು?

ವೆಸ್ಟ್‌ಲ್ಯಾಂಡ್ ಸುಮಾ

ಹ್ಯಾನ್ಸನ್ ಕ್ಲಾರ್ಕ್. ಸರ್, ಇದು ನಮ್ಮವರಿಗೆ ಗೊತ್ತಿರಬೇಕಾದ ಹೆಸರು. ಅವರ ತಂದೆ ಸಿಲ್ಹೆಟ್‌ನಿಂದ ಬಂದವರು. ಆಗ ಅದು ಅವಿಭಜಿತ ಭಾರತ, ಈಗ ಬಾಂಗ್ಲಾದೇಶ. ತಾಯಿ ಆಫ್ರಿಕನ್ ಅಮೆರಿಕನ್. ಕ್ಲಾರ್ಕ್ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಶಾಲೆ ಮಕ್ಕಳಿಗೆ ರಸ್ತೆ ದಾಟಿಸುವ ಕೆಲಸ ಮಾಡಿ ಸಾಕಿದರು. ಹಾಗಾಗಿ 13ರಿಂದ ಗೆದ್ದ ದಕ್ಷಿಣ ಏಷ್ಯಾ ಮೂಲದವರಲ್ಲಿ ಥಾಣೇದಾರ್ ಮೊದಲಿಗರಲ್ಲ.

ಕ್ಲಾರ್ಕ್ ಇದ್ದದ್ದು ಎರಡೇ ವರ್ಷ. 2011ರಲ್ಲಿ ರಾಜ್ಯದ ಶಾಸನಸಭೆ ರಿಪಬ್ಲಿಕನ್ನರ ಕೈಲಿತ್ತು, ನಕ್ಷೆ ಅವರೇ ಮಾಡಿದರು. ಆಗಿನ 14ನೇ ಕ್ಷೇತ್ರವನ್ನು ಒಮ್ಮೆ ಹುಡುಕಿ ನೋಡಿ. ಗ್ರಾಸ್ ಪಾಯಿಂಟ್‌ನಿಂದ ಶುರುವಾಗಿ, ಡೆಟ್ರಾಯಿಟ್ ಒಳಗೆ ನುಸುಳಿ, ಹ್ಯಾಮ್‌ಟ್ರ್ಯಾಮಿಕ್ ಮುಟ್ಟಿ, ಸೌತ್‌ಫೀಲ್ಡ್, ಫಾರ್ಮಿಂಗ್ಟನ್ ಹಿಲ್ಸ್ ದಾಟಿ, ಪಾಂಟಿಯಾಕ್‌ವರೆಗೆ ಹಾವಿನ ಹಾಗೆ ಹೋಗಿತ್ತು. ಕಪ್ಪು ಮತದಾರರನ್ನೆಲ್ಲ ಎರಡೇ ಕ್ಷೇತ್ರಕ್ಕೆ ತುಂಬಿ, ಸುತ್ತಲಿನ ಕ್ಷೇತ್ರಗಳನ್ನು ತಮಗೆ ಹಗುರ ಮಾಡಿಕೊಳ್ಳುವ ಲೆಕ್ಕ. ಕ್ಲಾರ್ಕ್ ಆ 14ರಲ್ಲಿ ನಿಂತು ಗ್ಯಾರಿ ಪೀಟರ್ಸ್ ಎದುರು ಸೋತರು. 13ಕ್ಕೆ ಕಾನ್ಯರ್ಸ್ ಬಂದರು.

ಆಗ ನಮ್ಮ ವೆಸ್ಟ್‌ಲ್ಯಾಂಡ್ ಕೂಡ 13ರಲ್ಲಿತ್ತು. ಕಾನ್ಯರ್ಸ್ ನಮ್ಮ ಸಂಸದರಾಗಿದ್ದರು. ರವಿ ಅವರೇ, ನೀವು ಹೇಳಿದ 52 ವರ್ಷದ ಬಗ್ಗೆ ಎರಡು ಮಾತು. 1964ರ ಮೊದಲ ಪ್ರೈಮರಿಯನ್ನು ಅವರು ಗೆದ್ದದ್ದು ನೂರು ಚಿಲ್ಲರೆ ಮತದಿಂದ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರಿಗೆ ಡೆಟ್ರಾಯಿಟ್ ಕಚೇರಿಯಲ್ಲಿ ಕೆಲಸ ಕೊಟ್ಟರು, ಅವರು 1988ರವರೆಗೆ ಅಲ್ಲೇ ಇದ್ದರು. 1967ರ ಜುಲೈನಲ್ಲಿ ಡೆಟ್ರಾಯಿಟ್ ಗಲಭೆಯಲ್ಲಿ ಹೊತ್ತಿ ಉರಿದಾಗ 43 ಜನ ಸತ್ತರು. ಆಗ ಕಾನ್ಯರ್ಸ್ ಕಾರಿನ ಮೇಲೆ ಹತ್ತಿ ಧ್ವನಿವರ್ಧಕ ಹಿಡಿದು ಮನೆಗೆ ಹೋಗಿ ಅಂತ ಬೇಡಿಕೊಂಡರು. ಜನ ಕೇಳಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ನಾಲ್ಕೇ ದಿನಕ್ಕೆ ಅವರ ಹುಟ್ಟುಹಬ್ಬಕ್ಕೆ ರಾಷ್ಟ್ರೀಯ ರಜೆ ಬೇಕು ಅಂತ ಮಸೂದೆ ತಂದರು. ಅದು ಕಾಯ್ದೆ ಆಗೋಕೆ 1983 ಬರಬೇಕಾಯಿತು. ಹದಿನೈದು ವರ್ಷ ಪಟ್ಟು ಬಿಡಲಿಲ್ಲ. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಸಿಬ್ಬಂದಿ ಮಹಿಳೆಯರು ಮಾಡಿದ ಲೈಂಗಿಕ ಕಿರುಕುಳದ ಆರೋಪಗಳ ನಡುವೆ ರಾಜೀನಾಮೆ ಕೊಟ್ಟರು. ಎರಡನ್ನೂ ಹೇಳಬೇಕು. ಒಂದು ಹೇಳಿ ಇನ್ನೊಂದು ಬಿಟ್ಟರೆ ಸರಿ ಆಗಲ್ಲ.

ಚಿಕ್ಕೋಡಿಯವ

ಸುಮಾ ಅಕ್ಕ, ನೀವು ಅಲ್ಲಿ ಮತ ಹಾಕಿದ್ದೀರಾ? ಆ ಅನುಭವ ಹೇಳಿ.

ವೆಸ್ಟ್‌ಲ್ಯಾಂಡ್ ಸುಮಾ

ಹಾಕಿದ್ದೇನೆ. ನನಗೆ ಪೌರತ್ವ ಬಂದ ಮೇಲೆ ಸಿಕ್ಕ ಮೊದಲ ಪ್ರೈಮರಿ 2018ರ ಆಗಸ್ಟ್ 7. ಅಂಥ ಮತಪತ್ರ ಮತ್ತೆ ನೋಡಿಲ್ಲ.

ಕಾನ್ಯರ್ಸ್ ಬಿಟ್ಟ ಸೀಟು ತಿಂಗಳುಗಟ್ಟಲೆ ಖಾಲಿ ಇತ್ತು. ಆ ವರ್ಷ ಹೇಗೂ ಚುನಾವಣೆ ಇದೆಯಲ್ಲ, ಅದರ ಜೊತೆಗೇ ಮಾಡೋಣ ಅಂತ ರಾಜ್ಯಪಾಲರು ನಿಗದಿ ಮಾಡಿದರು. (ಇಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ.) ಹಾಗಾಗಿ ಒಂದೇ ಹಾಳೆಯಲ್ಲಿ ಒಂದೇ ಕ್ಷೇತ್ರಕ್ಕೆ ಎರಡು ಸ್ಪರ್ಧೆ. ಒಂದು, ಉಳಿದ ಕೆಲವೇ ವಾರಗಳ ಅವಧಿಗೆ. ಇನ್ನೊಂದು, ಮುಂದಿನ ಎರಡು ವರ್ಷಕ್ಕೆ. ಮೊದಲ ಪಟ್ಟಿಯಲ್ಲಿ ನಾಲ್ಕು ಹೆಸರು, ಎರಡನೆಯದರಲ್ಲಿ ಆರು. ರಶೀದಾ ತ್ಲೈಬ್, ಬ್ರೆಂಡಾ ಜೋನ್ಸ್, ನಮ್ಮೂರ ಮೇಯರ್ ಬಿಲ್ ವೈಲ್ಡ್ ಎರಡರಲ್ಲೂ ಇದ್ದರು. ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಅಚ್ಚಿನ ತಪ್ಪು ಅಂದುಕೊಂಡು ಹಾಳೆ ವಾಪಸ್ ಕೊಡೋಕೆ ಹೋದರು. ಸಿಬ್ಬಂದಿ ಬೆರಳಿಟ್ಟು ತೋರಿಸಿ ಹೇಳಿದ ಮೇಲೆ ನನಗೂ ಪೂರ್ತಿ ಅರ್ಥವಾಯಿತು.

ಅದೇ ದಿನ, ಅದೇ ಜನ. ಸಣ್ಣ ಅವಧಿಗೆ ಗೆದ್ದದ್ದು ಜೋನ್ಸ್, ದೊಡ್ಡ ಅವಧಿಗೆ ಗೆದ್ದದ್ದು ತ್ಲೈಬ್, ಅದೂ ಸುಮಾರು 900 ಮತದಿಂದ. ಎರಡನೇ ಪಟ್ಟಿಯಲ್ಲಿ ಹೆಚ್ಚಿಗೆ ಇದ್ದ ಇಬ್ಬರಲ್ಲಿ ಒಬ್ಬರು ಕೋಲ್ಮನ್ ಯಂಗ್ ಅವರ ಮಗ. ಯಂಗ್ ಅಂದರೆ ಡೆಟ್ರಾಯಿಟ್‌ನ ಮೊದಲ ಕಪ್ಪು ಮೇಯರ್. ಆ ಹೆಸರಿಗೆ ನಗರದಲ್ಲಿ ಮತ ಬೀಳದೆ ಇರುತ್ತದಾ? ಜೋನ್ಸ್ ನಗರಸಭೆ ಅಧ್ಯಕ್ಷೆ, ಅವರ ಬುಡವೂ ಡೆಟ್ರಾಯಿಟ್ ನಗರವೇ. ಮತ ಹಂಚಿಹೋಯಿತು. ಜೋನ್ಸ್ ಸುಮಾರು ಐದು ವಾರ ಸಂಸದೆ ಆಗಿದ್ದರು. 2019ರ ಜನವರಿಯಲ್ಲಿ ತ್ಲೈಬ್ ಬಂದರು. ಇಲ್ಹಾನ್ ಓಮರ್ ಜೊತೆಗೆ ಸಂಸತ್ತಿಗೆ ಹೋದ ಮೊದಲ ಮುಸ್ಲಿಂ ಮಹಿಳೆ.

ಈಗ ನಮ್ಮ ಮನೆ 13ರಲ್ಲಿ ಇಲ್ಲ. ನಾವು ಎಲ್ಲೂ ಹೋಗಿಲ್ಲ. ಅದೇ ರಸ್ತೆ, ಅದೇ ಮೇಪಲ್ ಮರ. 2022ರಿಂದ ನಾವು 12. ತ್ಲೈಬ್ ಕೂಡ 12ಕ್ಕೇ ಬಂದರು. ಹಾಗಾಗಿ ನನಗೆ ನಂಬರ್ ಬದಲಾಯಿತು, ಸಂಸದೆ ಅವರೇ.

ಮಲೆನಾಡಿನ ರವಿ

ಸರಿ, ಒಪ್ಪಿದೆ, ಇತಿಹಾಸ ತುಂಬಾ ಇದೆ. ಆದರೆ ಒಂದು ಮಾತು ನೇರವಾಗಿ ಕೇಳುತ್ತೇನೆ. 2022ರಲ್ಲಿ ಡೆಟ್ರಾಯಿಟ್‌ಗೆ ಕಪ್ಪು ಸಂಸದರೇ ಇಲ್ಲದ ಹಾಗಾಯಿತು ಅಂತ ಪತ್ರಿಕೆಗಳು ಬರೆದವು. ಜಾಸ್ತಿ ಮತ ಪಡೆದವರು ಗೆದ್ದರು. ಅದರಲ್ಲಿ ಬಣ್ಣ ಯಾಕೆ ತರಬೇಕು? ಕಷ್ಟಪಟ್ಟು ಮೇಲೆ ಬಂದ ನಮ್ಮ ಕಡೆಯವರು ಗೆದ್ದರೆ ಖುಷಿ ಪಡೋಣ.

ವೆಸ್ಟ್‌ಲ್ಯಾಂಡ್ ಸುಮಾ

ಖುಷಿ ಪಡೋಣ, ರವಿ ಅವರೇ. ಅದರ ಜೊತೆಗೆ ಲೆಕ್ಕವನ್ನೂ ನೋಡೋಣ.

2018ರಲ್ಲಿ ಇಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. ಸಾಮಾನ್ಯ ಜನ ಬೀದಿ ಬೀದಿಯಲ್ಲಿ ಸಹಿ ಸಂಗ್ರಹಿಸಿ, ನಕ್ಷೆ ಮಾಡುವ ಅಧಿಕಾರ ರಾಜಕಾರಣಿಗಳಿಗೆ ಬೇಡ ಅಂತ ಜನಮತಕ್ಕೆ ಇಟ್ಟರು. ನೂರಕ್ಕೆ 61 ಜನ ಹೌದು ಅಂದರು. ನಾನೂ ಹೌದು ಅಂದೆ. 13 ಜನರ ನಾಗರಿಕ ಆಯೋಗ ಬಂತು: 4 ಡೆಮಾಕ್ರಟ್, 4 ರಿಪಬ್ಲಿಕನ್, 5 ಯಾವ ಪಕ್ಷಕ್ಕೂ ಸೇರದವರು. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದ ಹಾಗೆ ಆಯ್ಕೆ.

2021ರ ಡಿಸೆಂಬರ್‌ನಲ್ಲಿ ಅವರ ನಕ್ಷೆ ಬಂತು. ಹಾವಿನ ಆಕಾರ ಹೋಯಿತು. ರಾಜ್ಯದ ಮಟ್ಟದಲ್ಲಿ ಪಕ್ಷಗಳ ನಡುವೆ ನ್ಯಾಯವಾಗಿತ್ತು. ಆದರೆ ಡೆಟ್ರಾಯಿಟ್ ಅನ್ನು 12 ಮತ್ತು 13ಕ್ಕೆ ಹಂಚಿ, ಎರಡಕ್ಕೂ ಬಿಳಿಯರು ಜಾಸ್ತಿ ಇರುವ ಹೊರವಲಯದ ಊರುಗಳನ್ನು ಸೇರಿಸಿದರು. ಎರಡರಲ್ಲೂ ಕಪ್ಪು ಮತದಾರರ ಪ್ರಮಾಣ ಅರ್ಧಕ್ಕಿಂತ ಕೆಳಗೆ ಬಂತು. ಅಷ್ಟರಲ್ಲಿ 14ರ ಸಂಸದೆ ಬ್ರೆಂಡಾ ಲಾರೆನ್ಸ್ ಮತ್ತೆ ನಿಲ್ಲಲ್ಲ ಅಂದರು. ತ್ಲೈಬ್ 12ಕ್ಕೆ ಹೋದರು. 13 ಖಾಲಿ ಆಯಿತು.

ಪ್ರೈಮರಿಯಲ್ಲಿ ಒಂಬತ್ತು ಜನ. ಕಾನ್ಯರ್ಸ್ ಅವರ ಮಗನೂ ಇದ್ದರು. ಮತ ಒಡೆಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಮುಖ್ಯಸ್ಥ ವಾರನ್ ಇವಾನ್ಸ್ ಮತ್ತು ಇತರ ಕಪ್ಪು ಮುಖಂಡರು ಒಬ್ಬರನ್ನೇ ಗೆಲ್ಲಿಸೋಣ ಅಂತ ಆಡಮ್ ಹಾಲಿಯರ್ ಹೆಸರು ಹೇಳಿದರು. ಉಳಿದವರು ಹಿಂದೆ ಸರಿಯಲಿಲ್ಲ. ಥಾಣೇದಾರ್ ತಮ್ಮ ಸ್ವಂತ ಹಣ ಸುರಿದು ಪ್ರಚಾರ ಮಾಡಿದರು. ಅವರ ಹೆಸರು ಜನರಿಗೆ ಮೊದಲೇ ಗೊತ್ತಿತ್ತು. 2018ರಲ್ಲಿ ರಾಜ್ಯಪಾಲರ ಸ್ಥಾನಕ್ಕೆ ಪ್ರೈಮರಿಯಲ್ಲಿ ನಿಂತು ಮೂರನೇ ಸ್ಥಾನ ಪಡೆದಿದ್ದರು, 2020ರಲ್ಲಿ ಡೆಟ್ರಾಯಿಟ್‌ನಿಂದ ರಾಜ್ಯದ ಶಾಸನಸಭೆಗೆ ಗೆದ್ದಿದ್ದರು. ಅವರಿಗೆ ನೂರಕ್ಕೆ 28 ಮತ ಬಂತು. ಅಷ್ಟೇ ಸಾಕಾಯಿತು. ಇಲ್ಲಿ ಎರಡನೇ ಸುತ್ತು ಇಲ್ಲ. ನವೆಂಬರ್‌ನಲ್ಲಿ 13ರಂಥ ಕ್ಷೇತ್ರದಲ್ಲಿ ಡೆಮಾಕ್ರಟ್ ಸೋಲುವುದಿಲ್ಲ, ನೂರಕ್ಕೆ 71 ಬಂತು. ನಿಜವಾದ ಚುನಾವಣೆ ಆಗಸ್ಟ್‌ನಲ್ಲೇ ಮುಗಿದಿರುತ್ತದೆ.

ನೂರಕ್ಕೆ 72 ಜನ ಬೇರೆಯವರಿಗೆ ಹಾಕಿದ್ದರು. ಇದು ಥಾಣೇದಾರ್ ಅವರ ತಪ್ಪು ಅಲ್ಲ, ನಿಯಮದ ಪ್ರಕಾರವೇ ಗೆದ್ದರು. ಆದರೆ 1955ರಿಂದ ಡೆಟ್ರಾಯಿಟ್‌ಗೆ ಒಬ್ಬ ಕಪ್ಪು ಸಂಸದರಾದರೂ ಇದ್ದೇ ಇರುತ್ತಿದ್ದರು. ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಕಪ್ಪು ಜನ ಇರುವ ನಗರ ಅದು. 2023ರ ಜನವರಿಯಲ್ಲಿ ಮೊದಲ ಸಲ ಒಬ್ಬರೂ ಇಲ್ಲ. ನನ್ನ ಜೊತೆ ಕೆಲಸ ಮಾಡುವ ಗೆಳತಿಯ ಅಜ್ಜಿ ಡಿಗ್ಸ್‌ಗೆ ಮತ ಹಾಕಿದವರು. ಅವಳು ಊಟದ ಡಬ್ಬಿ ಮುಚ್ಚುತ್ತಾ ನನ್ನನ್ನು ಕೇಳಿದಳು, ನಿಮ್ಮೂರಲ್ಲಿ ಹೀಗಾದರೆ ನಿಮಗೆ ಹೇಗನಿಸುತ್ತದೆ ಅಂತ. ಅದು ಸಿಟ್ಟಿನ ಮಾತಲ್ಲ. ನನಗೆ ಉತ್ತರ ಕೊಡೋಕೆ ಆಗಲಿಲ್ಲ.

ಚರಿತ್ರೆ ವಿದ್ಯಾರ್ಥಿನಿ, ಮೈಸೂರು

ಇದಕ್ಕೆ ಒಂದು ಸೇರಿಸುತ್ತೇನೆ. ಅದೇ ಆಯೋಗ ರಾಜ್ಯದ ಶಾಸನಸಭೆಗೂ ನಕ್ಷೆ ಮಾಡಿತ್ತು. 2023ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಾಧೀಶರ ಫೆಡರಲ್ ಪೀಠ ಡೆಟ್ರಾಯಿಟ್ ಭಾಗದ 13 ಶಾಸಕ ಕ್ಷೇತ್ರಗಳನ್ನು ರದ್ದು ಮಾಡಿತು. ಗೆರೆ ಎಳೆಯುವಾಗ ಜನರ ಬಣ್ಣವನ್ನೇ ಮುಖ್ಯ ಮಾಡಿಕೊಂಡಿದ್ದೀರಿ, ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಅವನ್ನು ಮತ್ತೆ ಬರೆದರು. ಸಂಸತ್ ಕ್ಷೇತ್ರಗಳ ನಕ್ಷೆ ಆ ಪ್ರಕರಣದಲ್ಲಿ ಇರಲಿಲ್ಲ, ಹಾಗೇ ಉಳಿಯಿತು.

2024ರ ಒಂದು ಘಟನೆಯೂ ನೆನಪಿಡಬೇಕು. ಹಾಲಿಯರ್ ಮತ್ತೆ ನಿಲ್ಲೋಕೆ ಬಂದರು. ನಾಮಪತ್ರಕ್ಕೆ 1,000 ಮತದಾರರ ಸರಿಯಾದ ಸಹಿ ಬೇಕು. ಥಾಣೇದಾರ್ ಕಡೆಯವರು ತಕರಾರು ಎತ್ತಿದರು, ಪರಿಶೀಲನೆಯಲ್ಲಿ ಸಿಂಧುವಾದ ಸಹಿಗಳು ಅಷ್ಟು ಇರಲಿಲ್ಲ. ಹೆಸರು ಮತಪತ್ರದಿಂದ ಹೋಯಿತು. ವಿಚಿತ್ರ ಅಂದರೆ ಹತ್ತು ವರ್ಷ ಹಿಂದೆ ಇದೇ ಕ್ಷೇತ್ರದಲ್ಲಿ ಕಾನ್ಯರ್ಸ್ ಅವರಿಗೂ ಹೀಗೇ ಆಗಿತ್ತು. ಸಹಿ ಸಂಗ್ರಹಿಸಿದ ಕೆಲವರು ಸ್ವತಃ ನೋಂದಾಯಿತ ಮತದಾರರಲ್ಲ ಅಂತ ಹೊರಗಿಟ್ಟಿದ್ದರು. ಫೆಡರಲ್ ಕೋರ್ಟ್ ಅವರನ್ನು ವಾಪಸ್ ಸೇರಿಸಿತು. ಹಾಲಿಯರ್ ಅವರಿಗೆ ಆ ಅದೃಷ್ಟ ಇರಲಿಲ್ಲ. ಥಾಣೇದಾರ್ ಆ ಸಲ ಪ್ರೈಮರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಪಡೆದೇ ಗೆದ್ದರು. ಎರಡನೆಯವರು ನಗರಸಭೆ ಸದಸ್ಯೆ ಮೇರಿ ವಾಟರ್ಸ್.

ಮಲೆನಾಡಿನ ರವಿ

ಅರ್ಧಕ್ಕಿಂತ ಜಾಸ್ತಿ ಬಂತು ಅಂದರೆ ಎರಡು ವರ್ಷ ಕೆಲಸ ನೋಡಿ ಜನ ಒಪ್ಪಿಕೊಂಡರು ಅಂತಲೂ ಹೇಳಬಹುದು ಅಲ್ವಾ? ಆದರೆ 72ರ ಲೆಕ್ಕ ನಾನು ಯೋಚಿಸಿರಲಿಲ್ಲ. ನನ್ನ ಮೊದಲ ಪ್ರಶ್ನೆ ಸ್ವಲ್ಪ ಅವಸರದ್ದಾಯಿತು.

ವೆಸ್ಟ್‌ಲ್ಯಾಂಡ್ ಸುಮಾ

ಹೌದು, ಹಾಗೂ ಹೇಳಬಹುದು. ಆ ಮಾತಿಗೆ ನನ್ನ ತಕರಾರಿಲ್ಲ.

ಹ್ಯಾಮ್‌ಟ್ರ್ಯಾಮಿಕ್ ಬಗ್ಗೆ ಹೇಳೋಕೆ ಬಿಟ್ಟೆ. ಸುಮಾರು ಐದು ಚದರ ಕಿಲೋಮೀಟರಿನ ಊರು. ಒಂದು ಕಾಲಕ್ಕೆ ಪೋಲೆಂಡಿನಿಂದ ಬಂದವರ ಊರು. ಈಗ ಬಾಂಗ್ಲಾದೇಶ ಮತ್ತು ಯೆಮನ್ ಮೂಲದವರು ತುಂಬಾ ಇದ್ದಾರೆ. 2021ರ ಚುನಾವಣೆ ಆದ ಮೇಲೆ ನಗರಸಭೆ ಸದಸ್ಯರೆಲ್ಲ ಮುಸ್ಲಿಮರೇ ಆದರು, ಅಮೆರಿಕದಲ್ಲಿ ಇಂಥದ್ದು ಮೊದಲು. ಅಲ್ಲಿ ಮತಪತ್ರ ಬಂಗಾಳಿಯಲ್ಲೂ ಇರುತ್ತದೆ. ಒಂದು ಭಾಷೆಯ ಜನ ಇಷ್ಟು ಪ್ರಮಾಣದಲ್ಲಿದ್ದರೆ ಅವರ ಭಾಷೆಯಲ್ಲಿ ಕೊಡಲೇಬೇಕು ಅಂತ ಮತದಾನ ಹಕ್ಕು ಕಾಯ್ದೆ ಹೇಳುತ್ತದೆ. ಮೊದಲ ಸಲ ಅಲ್ಲಿಯ ಗೋಡೆಯ ಮೇಲೆ ಬಂಗಾಳಿ ಅಕ್ಷರದ ಮತದಾನದ ಸೂಚನೆ ನೋಡಿದಾಗ ನಾನು ನಿಂತುಬಿಟ್ಟೆ. ಓದೋಕೆ ಬರಲ್ಲ, ಆದರೂ ನಮ್ಮ ಕಡೆಯ ಅಕ್ಷರ ಅನಿಸಿತು.

ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲೇ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲು ಶುರು ಮಾಡಿದ್ದು. ಮರುವರ್ಷ ದಿನಕ್ಕೆ 5 ಡಾಲರ್ ಸಂಬಳ ಅಂತ ಪ್ರಪಂಚಕ್ಕೆಲ್ಲ ಸುದ್ದಿಯಾಯಿತು. ಅದೇ ಊರು 2011ರಲ್ಲಿ ಕರೆಂಟ್ ಬಿಲ್ ಕಟ್ಟಲಾಗದೆ ಬೀದಿದೀಪಗಳನ್ನೇ ಕಳೆದುಕೊಂಡಿತು. ಕಂಬಗಳನ್ನೇ ಕಿತ್ತುಕೊಂಡು ಹೋದರು. ಎಷ್ಟೋ ರಸ್ತೆಗಳಲ್ಲಿ ವರ್ಷಗಟ್ಟಲೆ ಕತ್ತಲೆ.

ಬೈಲಹೊಂಗಲ ಮಾಸ್ತರು

ಸುಮಾ ಅವರೇ, ನಿಮ್ಮ ಬರಹ ಓದಿ ನಮ್ಮ ಕಡೆಯ ಚರ್ಚೆ ನೆನಪಾಯಿತು. ಹೊಸ ಜನಗಣತಿ ಲೆಕ್ಕದಲ್ಲಿ ಲೋಕಸಭಾ ಸ್ಥಾನ ಹಂಚಿದರೆ ದಕ್ಷಿಣದ ಪಾಲು ಕಡಿಮೆ ಆಗುತ್ತದೆ ಅಂತ ಇಲ್ಲಿ ಎಲ್ಲರೂ ಮಾತಾಡುತ್ತಿದ್ದಾರೆ. ಮಿಷಿಗನ್ ಐದು ಸಲ ಅದನ್ನು ಅನುಭವಿಸಿದೆ. ಸ್ಥಾನ ಹೋದಾಗ ಮೊದಲು ಏಟು ಬಿದ್ದದ್ದು ಯಾರಿಗೆ? ಇದನ್ನು ತಿಳಿದುಕೊಳ್ಳಬೇಕಿದೆ.

ವೆಸ್ಟ್‌ಲ್ಯಾಂಡ್ ಸುಮಾ

ಸರ್, ನಾನು ಕಂಡದ್ದು ಹೇಳುತ್ತೇನೆ. ಸ್ಥಾನ ಕಡಿಮೆ ಆದಾಗ ಉಳಿದ ಕ್ಷೇತ್ರಗಳು ದೊಡ್ಡದಾಗುತ್ತವೆ. ಜನ ಕಳೆದುಕೊಂಡ ಊರು ಇನ್ನೊಂದು ಊರಿನ ಜೊತೆ ಒಂದೇ ಚೀಲಕ್ಕೆ ಬೀಳುತ್ತದೆ. ಡೆಟ್ರಾಯಿಟ್‌ಗೆ ಆದದ್ದು ಅದೇ. ಆಲ್ಟರ್ ರಸ್ತೆಯ ಎರಡೂ ಬದಿ, ಹೈಲ್ಯಾಂಡ್ ಪಾರ್ಕಿನ ಕತ್ತಲೆ ರಸ್ತೆ, ಟೇಲರ್‌ನ ಕಾರ್ಮಿಕರ ಕಾಲೊನಿ, ಹ್ಯಾಮ್‌ಟ್ರ್ಯಾಮಿಕ್‌ನ ಮಸೀದಿ ಬೀದಿ, ಇಷ್ಟಕ್ಕೂ ಸೇರಿ ಒಂದೇ ದನಿ. ಗೆದ್ದವರು ಯಾರೇ ಆಗಲಿ, ಉಳಿದವರಿಗೆ ನಮ್ಮವರಲ್ಲ ಅನಿಸುವುದು ತಪ್ಪಲ್ಲ.

ಮಿಷಿಗನ್‌ಗೆ ಈಗ ಇರುವುದೇ 13 ಕ್ಷೇತ್ರ. ಡೆಟ್ರಾಯಿಟ್‌ಗೆ ಸಿಕ್ಕಿರುವುದು ಕೊನೆಯ ನಂಬರ್. 2030ರ ಜನಗಣತಿ ಆದ ಮೇಲೆ ಇನ್ನೊಂದು ಸ್ಥಾನ ಹೋದರೆ ರಾಜ್ಯದಲ್ಲಿ 13 ಅನ್ನುವ ಕ್ಷೇತ್ರವೇ ಇರುವುದಿಲ್ಲ. ಡಿಗ್ಸ್ ಗೆದ್ದ ನಂಬರ್ ಅದು.

ಚಿಕ್ಕೋಡಿಯವ

ಅಕ್ಕ, ಮಾಸ್ತರೇ, ತಂಗಿ, ರವಿ ಅಣ್ಣ, ಎಲ್ಲರಿಗೂ ಧನ್ಯವಾದ. ನಾಳೆ ನಮ್ಮ ಚಹಾದಂಗಡಿಯಲ್ಲಿ ಥಾಣೇದಾರ್ ವಿಷಯ ಬಂದರೆ ಡಿಗ್ಸ್ ಬಗ್ಗೆಯೂ ಹೇಳುತ್ತೇನೆ, ಆ ಇಸ್ಪೀಟಿನ ಮೇಜಿನ ಕಥೆ. ಸುಮಾ ಅಕ್ಕ, ಆಲ್ಟರ್ ರಸ್ತೆಯ ಒಂದು ಫೋಟೋ ಹಾಕುತ್ತೀರಾ? ಎರಡೂ ಬದಿ ಕಾಣುವ ಹಾಗೆ.

ವೆಸ್ಟ್‌ಲ್ಯಾಂಡ್ ಸುಮಾ

ಶನಿವಾರ ಆ ಕಡೆ ಹೋಗುವುದಿದೆ. ತೆಗೆದು ಹಾಕುತ್ತೇನೆ.